ಎಡಗೈ ಗಂಟು

ಚಿಂತಾಮಣಿ
12 ಫೆಬ್ರವರಿ 1987

ಸಿಸ್ಟರ್ ಕೊಂಡಮ್ಮನಿಗೆ,

ಕವರಿನ ಮೇಲೆ ನನ್ನ ಅಕ್ಷರ ಕಂಡ ತಕ್ಷಣ ಹರಿದು ಹಾಕಬೇಡ ಕಣೇ. ಆರು ವರ್ಷದಲ್ಲಿ ನಾಲ್ಕು ಕಾಗದ ಬರೆದೆ, ಒಂದಕ್ಕೂ ನೀನು ಉತ್ತರ ಕೊಡಲಿಲ್ಲ. ಇದಕ್ಕೂ ಕೊಡದಿದ್ದರೆ ನನಗೇನೂ ಆಶ್ಚರ್ಯವಿಲ್ಲ. ಆದರೆ ಇದು ನನ್ನ ವಿಷಯವಲ್ಲ, ನಿನ್ನ ವಿಷಯವೂ ಅಲ್ಲ. ಪೂರ್ತಿ ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು.

ಮೊನ್ನೆ ಹತ್ತನೇ ತಾರೀಕು ನಮ್ಮ ಕ್ಯಾಶುವಾಲ್ಟಿಗೆ ಒಬ್ಬ ಹೆಂಗಸನ್ನು ಕರೆತಂದರು. ಬೆನ್ನು ಬೆಂದು ರವಿಕೆ ಅಂಟಿಕೊಂಡಿತ್ತು. ಜೊತೆಗೆ ಬಂದಿದ್ದವನು ಗಂಡ. "ನೂಲು ತೆಗೀತಾ ಇದ್ಲು ಸಿಸ್ಟರ್, ತಲೆ ತಿರುಗಿ ರೇಷ್ಮೆ ಗೂಡು ಬೇಯಿಸೋ ಬಾಣಲೆ ಮೇಲೆ ಬಿದ್ಬಿಟ್ಲು" ಅಂದ. ಹೆಸರು ಮುನಿಗಂಗಮ್ಮ, ಊರು ಕೆಂಚಾರ್ಲಹಳ್ಳಿ, ವಯಸ್ಸು ಇಪ್ಪತ್ತನಾಲ್ಕು. ಹುಟ್ಟಿದಾಗಿನಿಂದ ಆಸ್ಪತ್ರೆಯ ಮುಖವನ್ನೇ ನೋಡಿದವಳಲ್ಲವಂತೆ. ಎಲ್ಲ ಅವನೇ ಹೇಳಿದ. ಬಾಣಲೆ ಎದುರಿಗೆ ಕೂತು ನೂಲು ತೆಗೆಯುವವಳು ತಲೆತಿರುಗಿ ಬಿದ್ದರೆ ಎದೆ ಬೇಯಬೇಕು, ಕೈ ಬೇಯಬೇಕು, ಬೆನ್ನು ಹೇಗೆ ಬೆಂದಿತು ಅಂತ ಕೇಳಲು ನನ್ನ ನಾಲಿಗೆ ಏಳಲಿಲ್ಲ.

ಮುಲಾಮು ಹಚ್ಚಲು ಕೂದಲು ಎತ್ತಿದಾಗ ಕಿವಿಯ ಹಿಂದೆ ಬೆರಳಿಗೆ ದಾರ ತಗುಲಿತು. ಹಳೆಯ ಹೊಲಿಗೆ. ಯಾರೂ ಬಿಚ್ಚಿಸಿಲ್ಲ, ಚರ್ಮ ಅದರ ಮೇಲೇ ಬೆಳೆದಿದೆ. ಐದು ಗಂಟು, ಐದೂ ಎಡಕ್ಕೆ ಕೂತಿವೆ.

ಕೊಂಡಿ, ಎಡಗೈಲಿ ಹೊಲಿಗೆ ಹಾಕುವ ನರ್ಸನ್ನು ನಾನು ನನ್ನ ಜನ್ಮದಲ್ಲಿ ಒಬ್ಬಳನ್ನೇ ನೋಡಿದ್ದೇನೆ. ನರ್ಸಿಂಗ್ ಸ್ಕೂಲಿನಲ್ಲಿ ನಮ್ಮ ಟ್ಯೂಟರ್ ಸ್ಕೇಲಿನಲ್ಲಿ ಬೆರಳಿಗೆ ಬಾರಿಸಿದಾಗ ನೀನು "ಯಾವ ಕೈಲಿ ಹೊಲಿದ್ರು ಅಂತ ಗಾಯಕ್ಕೇನು ಗೊತ್ತಾಗುತ್ತೆ ಮೇಡಮ್" ಅಂದಿದ್ದೆ. ಗಾಯಕ್ಕೆ ಗೊತ್ತಾಗದಿದ್ದರೂ ನನಗೆ ಗೊತ್ತಾಯಿತು. ಆ ದಾರವನ್ನು ಒಂದೊಂದೇ ಕತ್ತರಿಸಿ ತೆಗೆದೆ. ಅವಳನ್ನು ಕೇಳಿದೆ. "ಏಮೀ ಲೇದಕ್ಕಾ, ಏನೂ ಇಲ್ಲ" ಅಂದಳು, ಅಷ್ಟೇ. ಪರದೆಯ ಆಚೆ ಅವನ ಚಪ್ಪಲಿ ಕಾಣುತ್ತಿತ್ತು.

ರಿಜಿಸ್ಟರಿನಲ್ಲಿ 'ಕಾರಣ' ಅನ್ನುವ ಕಡೆ ಅವನು ಹೇಳಿದ್ದನ್ನೇ ಬರೆದೆ. ಕರೆತಂದವರು ಏನು ಹೇಳುತ್ತಾರೋ ಅದನ್ನು ಬರೆಯಬೇಕು, ನಮ್ಮಲ್ಲಿ ಪದ್ಧತಿಯೇ ಅದು. ಇದನ್ನು ಓದುವಾಗ ನಿನ್ನ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು. ಆದರೂ ನಿಮ್ಮ ರಿಜಿಸ್ಟರನ್ನು ಒಂದು ಸಲ ತೆಗೆದು ನೋಡು.

ಲಕ್ಷ್ಮಿದೇವಮ್ಮ

* * *

ಗೌರಿಬಿದನೂರು
20 ಫೆಬ್ರವರಿ 1987

ಲಕ್ಷ್ಮಿದೇವಮ್ಮನವರಿಗೆ,

ರಿಜಿಸ್ಟರ್ ನೋಡಿದೆ. 17 ಡಿಸೆಂಬರ್ 1986. ಚಿಕ್ಕವೆಂಕಟಮ್ಮ, ಮಂಚೇನಹಳ್ಳಿ, 24 ವರ್ಷ. ಕಿವಿಯ ಹಿಂದೆ ಸೀಳು, ಐದು ಹೊಲಿಗೆ. ಕಾರಣ: ಕೊಟ್ಟಿಗೆಯ ತೊಲೆ ತಗುಲಿದ್ದು. ಅದರ ಮುಂದೆ ನಾನು ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ಅಷ್ಟನ್ನಾದರೂ ಹಾಕುತ್ತೇನೆ. ಏಳನೇ ದಿನ ಹೊಲಿಗೆ ಬಿಚ್ಚಿಸಲು ಬರಲಿಲ್ಲ.

ಬಲ ಮುಂಗೈ ಮೇಲೆ ಚೇಳಿನ ಹಚ್ಚೆ ಇತ್ತೇ? ಅದನ್ನು ತಿಳಿಸಿ. ಬೇರೆ ಯಾವ ವಿಷಯವೂ ಬೇಡ.

ಕೊಂಡಮ್ಮ
ಸ್ಟಾಫ್ ನರ್ಸ್

* * *

ಚಿಂತಾಮಣಿ
8 ಮಾರ್ಚ್ 1987

ಕೊಂಡಮ್ಮನಿಗೆ,

ಚೇಳಿತ್ತು. ಬಾಲ ಮಣಿಕಟ್ಟಿನ ಕಡೆಗೆ.

'ಲಕ್ಷ್ಮಿದೇವಮ್ಮನವರಿಗೆ' ಅಂತ ಬರೆದಿದ್ದೀಯ. ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿಂದವಳಿಗೆ ಬಹುವಚನ. ಇರಲಿ, ಉತ್ತರ ಬಂತಲ್ಲ, ಅದೇ ಹೆಚ್ಚು.

ಈ ಹದಿನೈದು ದಿನ ಊಟದ ಬಿಡುವಿನಲ್ಲೆಲ್ಲ ಒಂದು ವರ್ಷದ ಗಾಯದ ರಿಜಿಸ್ಟರ್ ಮುಂದಿಟ್ಟುಕೊಂಡು ಕೂತೆ. ಹದಿನಾರರಿಂದ ನಲವತ್ತೈದು ವರ್ಷದ ಹೆಂಗಸರಲ್ಲಿ 'ಜಾರಿ ಬಿದ್ದದ್ದು' ಅಂತ ಬರೆಸಿಕೊಂಡವರು ಅರವತ್ತಮೂರು ಜನ. ಗಂಡಸರಲ್ಲಿ ಒಂಬತ್ತೇ. ಚಿಂತಾಮಣಿಯ ನೆಲ ಹೆಂಗಸರ ಕಾಲಿಗೆ ಮಾತ್ರ ಜಾರುತ್ತದೆ ಅಂತಾಯಿತು. ಜಾರಿ ಬಿದ್ದವರಿಗೆ ಮೊಣಕಾಲು ತರಚಬೇಕು, ಅಂಗೈ ಚರ್ಮ ಕಿತ್ತುಹೋಗಬೇಕು. ಇವರಿಗೆಲ್ಲ ಕಣ್ಣಿನ ಸುತ್ತ ಬಾವು, ದವಡೆ, ಪಕ್ಕೆ, ಮುಂಗೈ ಮೂಳೆ. ತಲೆಯ ಮೇಲೆ ಬೀಳುವ ಏಟಿಗೆ ಕೈ ಅಡ್ಡ ಹಿಡಿದರೆ ಮುರಿಯುವ ಮೂಳೆ ಅದು.

ಇನ್ನೊಂದು ನೋಡಿದೆ. ಈ ಅರವತ್ತಮೂರರಲ್ಲಿ ನಮ್ಮ ಸುತ್ತಿನ ಊರಿನವರು ಅಂತ ನನಗೆ ಮುಖ ಪರಿಚಯ ಇರುವವರು ಹನ್ನೊಂದು ಜನ. ಉಳಿದವರು ಯಾರು? ಬಸ್ಸು ಹತ್ತಿಸಿ ಪಕ್ಕದ ತಾಲ್ಲೂಕಿಗೆ ಕರೆದುಕೊಂಡು ಬರುತ್ತಾರೆ ಕಣೇ. ಶಿಡ್ಲಘಟ್ಟದವರು ಇಲ್ಲಿಗೆ, ನಮ್ಮವರು ಇನ್ನೆಲ್ಲಿಗೋ. ಹೆಸರು ಬದಲು, ಊರು ಬದಲು. ಎಲ್ಲ ಆಸ್ಪತ್ರೆಯಲ್ಲೂ ಅವಳು ಮೊದಲನೇ ಸಲ ಬಿದ್ದವಳೇ. ಒಂದೊಂದೇ ರಿಜಿಸ್ಟರ್ ನೋಡಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ನನ್ನ ಪಟ್ಟಿ ಇದರ ಜೊತೆ ಇಟ್ಟಿದ್ದೇನೆ. ವಯಸ್ಸು, ಗಾಯ, ಹಚ್ಚೆ, ಮಚ್ಚೆ, ನೆನಪಿದ್ದಷ್ಟನ್ನೂ ಬರೆದಿದ್ದೇನೆ. ನಿನ್ನದು ಕಳಿಸು. ಆ ಚೇಳಿನ ಹುಡುಗಿ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅವಳು ಎಲ್ಲಿದ್ದಾಳೆ ಅಂತ ಗೊತ್ತಾದರೆ ಸಾಕು ಅನ್ನಿಸಿಬಿಟ್ಟಿದೆ.

ಲಕ್ಷ್ಮಿದೇವಮ್ಮ

* * *

ಗೌರಿಬಿದನೂರು
2 ಏಪ್ರಿಲ್ 1987

ಲಕ್ಷ್ಮಿದೇವಮ್ಮ,

ನಿನ್ನ ಪಟ್ಟಿ, ನನ್ನ ಪಟ್ಟಿ ನೆಲದ ಮೇಲೆ ಹಾಸಿಕೊಂಡು ನೋಡಿದೆ. ಚಿಕ್ಕಬಳ್ಳಾಪುರದಲ್ಲಿ ಡ್ರೆಸ್ಸರ್ ಆಗಿರುವ ನಲ್ಲಪ್ಪನೂ ನಾನು ಕೇಳಿದ್ದಕ್ಕೆ ತಾನು ಕಟ್ಟು ಕಟ್ಟಿದವರ ಪಟ್ಟಿ ಬರೆದುಕೊಟ್ಟ. ಮೂರನ್ನೂ ಸೇರಿಸಿದರೆ ಒಂಬತ್ತು ಹೆಂಗಸರು ಒಂದಕ್ಕಿಂತ ಹೆಚ್ಚು ಕಡೆ ಇದ್ದಾರೆ. ಚೇಳಿನ ಹಚ್ಚೆಯವಳು ಮೂರು ಕಡೆಯೂ ಇದ್ದಾಳೆ. ಮೊದಲ ಸಲ ಹೋದ ಆಗಸ್ಟ್ ಮೂರನೇ ತಾರೀಕು, ಚಿಕ್ಕಬಳ್ಳಾಪುರ. ಹಲ್ಲು ಮುರಿದಿತ್ತು.

ಈಗ ಹೇಳುವುದನ್ನು ಕೂತುಕೊಂಡು ಓದು. ಮಾರ್ಚ್ 26ಕ್ಕೆ ಅವಳು ಮತ್ತೆ ನನ್ನ ಹತ್ತಿರ ಬಂದಳು. ಪಕ್ಕೆಲುಬು. 'ಗಾಡಿಯಿಂದ ಬಿದ್ದಳು' ಅಂದ. ಮೂರು ತಿಂಗಳಾಗಿದೆ, ಈ ನರ್ಸಿಗೆ ಜ್ಞಾಪಕ ಇರಲ್ಲ ಅಂದುಕೊಂಡಿದ್ದನೋ ಏನೋ. ಅವನನ್ನು ಚೀಟಿ ತರಲು ಕಳಿಸಿ ಅವಳನ್ನು ಕೇಳಿದೆ. "ನಂಗೊಂದು ಹೆಣ್ಮಗು ಐತಕ್ಕಾ, ನಾಕು ವರ್ಷದ್ದು. ನನ್ನ ಆಚೆಗೆ ಕರ್ಕೊಂಡ್ ಬರುವಾಗೆಲ್ಲ ಅದನ್ನ ಅತ್ತೆ ಮಡಿಲಾಗೆ ಕೂರಿಸ್ತಾರೆ. ನಾನು ವಾಪಸ್ ಹೋಗ್ದಿದ್ರೆ ಮಗೂನ ಮುಖ ನೋಡಂಗಿಲ್ಲ" ಅಂದಳು.

ನಾಲ್ಕೂವರೆ ತಿಂಗಳು. ಆಮೇಲೆ ಐವತ್ತೈದು ದಿನ. ಆಮೇಲೆ ನಲವತ್ತನಾಲ್ಕು ದಿನ. ಅಂತರ ಹೇಗೆ ಇಳಿಯುತ್ತಿದೆ ನೋಡು. ನಮ್ಮ ಅಕ್ಕಯಮ್ಮನದೂ ಹೀಗೇ ಇಳಿದಿತ್ತು. ನಾನು ಅದನ್ನು ಲೆಕ್ಕ ಹಾಕಿದ್ದು ಅವಳನ್ನು ಮಣ್ಣು ಮಾಡಿದ ಮೇಲೆ.

ಈ ಸಲ ಪ್ರಶ್ನೆ ಚಿಹ್ನೆ ಹಾಕಲಿಲ್ಲ. 'ಗಂಡ ಹೊಡೆದದ್ದು' ಅಂತ ಬರೆದು ಠಾಣೆಗೆ ಚೀಟಿ ಕಳಿಸಿದೆ. ಪೊಲೀಸಿನವರು ಆಸ್ಪತ್ರೆಯಿಂದಲೇ ಅವನನ್ನು ಕರೆದುಕೊಂಡು ಹೋದರು. ನೀನೂ ಬರಿ, ನಿನಗೆ ಧೈರ್ಯವಿದ್ದರೆ.

ಕೊಂಡಮ್ಮ

* * *

ಚಿಂತಾಮಣಿ
15 ಏಪ್ರಿಲ್ 1987

ಕೊಂಡಿ,

ಅಕ್ಕಯಮ್ಮನ ಹೆಸರನ್ನು ನೀನೇ ಎತ್ತಿದೆ. ಆದ್ದರಿಂದ ಹೇಳಿಬಿಡುತ್ತೇನೆ, ಬೇಡವೆಂದರೂ ಹೇಳುತ್ತೇನೆ.

ಹೆಸರು ಅಕ್ಕಯಮ್ಮ, ಸಂಬಂಧದಲ್ಲಿ ನಿನಗೆ ತಂಗಿ ಅಂತ ಹಾಸ್ಟೆಲಿನಲ್ಲಿ ನಾವೆಲ್ಲ ಅವಳನ್ನು ಆಡಿಕೊಳ್ಳುತ್ತಿದ್ದೆವು. ನಿನ್ನನ್ನು ನೋಡಲು ಬರುವಾಗ ನನಗೂ ಬೇರೆ ಪೊಟ್ಟಣದಲ್ಲಿ ಕಡಲೆಕಾಯಿ ತರುತ್ತಿದ್ದಳು. ಆ ಹುಡುಗಿಯನ್ನು 81ರಲ್ಲಿ ನನ್ನ ಟೇಬಲ್ ಮೇಲೆ ಮಲಗಿಸಿದಾಗ ಒಂದು ಕಣ್ಣು ಮುಚ್ಚಿಹೋಗಿತ್ತು. ಗಂಡ 'ಬಾವಿ ಮೆಟ್ಟಿಲಲ್ಲಿ ಜಾರಿ ಬಿದ್ದಳು' ಅಂದ. ಅವಳು ನನ್ನ ಸೆರಗು ಹಿಡಿದುಕೊಂಡು "ಹೂಂ, ಜಾರ್ಬಿಟ್ಟೆ. ಅಕ್ಕನಿಗೆ ಮಾತ್ರ ಹೇಳ್ಬೇಡಿ, ಆಣೆ" ಅಂದಳು. ನಾನು ಅವನು ಹೇಳಿದ್ದನ್ನು ಬರೆದೆ. ಅವಳು ಹೇಳಿದಂತೆ ಸುಮ್ಮನಿದ್ದೆ. ಎರಡನ್ನೂ ಮಾಡಿದವಳು ನಾನೇ. ನಲವತ್ತು ದಿನಕ್ಕೆ ಸ್ಟವ್ ಸಿಡಿಯಿತು ಅಂದರು.

ಆಮೇಲೆ ಕೋರ್ಟಿನಲ್ಲಿ ಅವನ ವಕೀಲರು ನನ್ನ ರಿಜಿಸ್ಟರಿನ ಸಾಲನ್ನೇ ಓದಿದರಲ್ಲ, 'ಆಸ್ಪತ್ರೆಯವರೇ ಜಾರಿ ಬಿದ್ದದ್ದು ಅಂತ ಬರೆದಿದ್ದಾರೆ ಸ್ವಾಮಿ' ಅಂತ, ಆಗ ನೀನು ತಿರುಗಿ ನನ್ನನ್ನು ನೋಡಿದೆ. ಆಮೇಲೆ ನಿಮ್ಮ ಮನೆಗೆ ಬಂದಾಗ, ಬುದ್ಧನ ಪಟದ ಮುಂದೆ ಕೂತು ನಿಮ್ಮಪ್ಪ ಅತ್ತದ್ದನ್ನು ನೋಡಿ ನಾನು ಬಾಗಿಲಿನಿಂದಲೇ ವಾಪಸ್ ಬಂದೆ. ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಲು ನನಗೆ ಮುಖವಿಲ್ಲ.

ಈ ತಿಂಗಳ ಆರನೇ ತಾರೀಕಿನಿಂದ ನಾನೂ ಬರೆಯುತ್ತಿದ್ದೇನೆ. 'ಗಂಡ ಹೊಡೆದದ್ದು.' 'ಮೈದುನ ದೊಣ್ಣೆಯಿಂದ ಹೊಡೆದದ್ದು.' ನಾಲ್ಕು ಬರೆದೆ, ನಾಲ್ಕಕ್ಕೂ ಠಾಣೆಗೆ ಚೀಟಿ ಕಳಿಸಿದೆ. ಡಾಕ್ಟರು "ಯಾಕಮ್ಮ ಊರ ಉಸಾಬರಿ" ಅಂತ ಗೊಣಗಿದರು. ಗೊಣಗಲಿ. ಆರು ವರ್ಷದಲ್ಲಿ ಮೊದಲ ಸಲ ಊಟ ರುಚಿಯಾಯಿತು.

ಲಕ್ಷ್ಮಿ

* * *

ಗೌರಿಬಿದನೂರು
30 ಏಪ್ರಿಲ್ 1987

ಲಕ್ಷ್ಮಿ,

ಓದಿದೆ. ಕಡಲೆಕಾಯಿಯ ವಿಷಯ ನನಗೆ ಗೊತ್ತಿರಲಿಲ್ಲ.

ಈಗ ಏನೂ ಹೇಳಲಾರೆ. ಪಟ್ಟಿ ಕಳಿಸುತ್ತಿರು.

ಕೊಂಡಮ್ಮ

* * *

ಚಿಂತಾಮಣಿ
28 ಜುಲೈ 1987

ಕೊಂಡಿ,

ಕಳಿಸಲು ಪಟ್ಟಿಯೇ ಇಲ್ಲ.

ಏಪ್ರಿಲ್‌ನಲ್ಲಿ ಏಳು, ಮೇನಲ್ಲಿ ಮೂರು, ಜೂನ್‌ನಲ್ಲಿ ಒಂದು. ಈ ತಿಂಗಳು ಒಬ್ಬಳೂ ಬಂದಿಲ್ಲ. ನಮ್ಮ ಡಾಕ್ಟರಿಗೆ ಬಹಳ ಖುಷಿ. 'ಈ ಭಾಗದಲ್ಲಿ ಸಂಸಾರದ ಗಲಾಟೆ ಗಣನೀಯವಾಗಿ ಕಡಿಮೆಯಾಗಿದೆ' ಅಂತ ಮೇಲಕ್ಕೆ ವರದಿ ಬರೆದು, ನನ್ನಿಂದಲೇ ಅಂಕಿ ತುಂಬಿಸಿದರು. ನಾನೂ ಮೊದಲ ಒಂದು ವಾರ ಖುಷಿಪಟ್ಟೆ, ನನ್ನ ಬುದ್ಧಿಗೆ ಬೆಂಕಿ ಹಾಕ.

ಬಸ್ ಸ್ಟ್ಯಾಂಡಿನಲ್ಲಿ ಸೊಪ್ಪು ಮಾರುವ ಮುನಿಗಂಗಮ್ಮನನ್ನು ಕೇಳಿದೆ. ಇವಳು ನಿಜವಾದ ಮುನಿಗಂಗಮ್ಮ, ಹತ್ತು ಹಳ್ಳಿಯ ಸುದ್ದಿ ಇವಳ ಬುಟ್ಟಿಯಲ್ಲಿರುತ್ತದೆ. ಅವಳು ನನ್ನ ಮುಖ ನೋಡದೆ ಸೊಪ್ಪಿಗೆ ನೀರು ಚಿಮುಕಿಸುತ್ತಾ ಹೇಳಿದಳು: "ನಿಮ್ಮಾಸ್ಪತ್ರೆಗೆ ಯಾರ್ ಬರ್ತಾರಮ್ಮಾ? ಹೋದ್ರೆ ಬರ್ಕೊಂಡು ಪೊಲೀಸ್ನೋರ್ಗೆ ಕೊಡ್ತಾರಂತೆ. ಪೊಲೀಸ್ನೋರು ಗಂಡಸ್ರನ್ನ ಸಾಯಂಕಾಲಕ್ಕೆ ಬಿಟ್ಬಿಡ್ತಾರೆ. ಆಮೇಲೆ ಮನೇಲಿ ಹೆಂಗಸಿನ ಗತಿಯೇನು? ಅದ್ಕೇ ಈಗ ಅರಿಸಿನ ಮೆತ್ತಿ ಮನೇಲೇ ಮಲಗಿಸ್ತಾರೆ."

ಹೊಡೆಯುವುದು ನಿಂತಿಲ್ಲ ಕೊಂಡಿ. ಆಸ್ಪತ್ರೆಗೆ ಬರುವುದು ನಿಂತಿದೆ, ಅಷ್ಟೇ.

ಮೊನ್ನೆ ಅಂಬಾಜಿದುರ್ಗದ ಕಡೆಯಿಂದ ಒಬ್ಬಳನ್ನು ಗಾಡಿಯಲ್ಲಿ ತಂದರು. ಗಾಯವಾಗಿ ಎಂಟು ದಿನ. ಕಾಲಿಗೆ ಕಾಫಿಪುಡಿ, ಸುಣ್ಣ ಮೆತ್ತಿ ಬಟ್ಟೆ ಕಟ್ಟಿದ್ದರು. ಬಟ್ಟೆ ಬಿಚ್ಚಿದಾಗ ವಾಸನೆಗೆ ಆಯಾ ಆಚೆಗೆ ಓಡಿದಳು. ಮೊದಲ ದಿನವೇ ಬಂದಿದ್ದರೆ ನಾಲ್ಕು ಹೊಲಿಗೆಯ ಗಾಯ ಅದು. ಮಧ್ಯಾಹ್ನ ಮೂರಕ್ಕೆ ಹೋಗಿಬಿಟ್ಟಳು. ಅವಳ ತಾಯಿ ಚಿಕ್ಕವೆಂಕಟಮ್ಮ ಅಂತ, ಇದು ಸುಳ್ಳು ಹೆಸರಲ್ಲ. ನನ್ನ ಕೈ ಹಿಡಿದುಕೊಂಡು "ನೀವು ಬರ್ಕೊಳ್ತೀರ ಅಂತ ಹೆದ್ರಿ ತರ್ಲಿಲ್ಲ ತಾಯಿ" ಅಂದಳು.

ಜಾರಿ ಬಿದ್ದದ್ದು ಅಂತ ಬರೆದು ಒಬ್ಬಳನ್ನು ಕಳೆದುಕೊಂಡೆ. ಹೊಡೆದದ್ದು ಅಂತ ಬರೆದು ಇನ್ನೊಬ್ಬಳನ್ನು ಕಳೆದುಕೊಂಡೆ. ಮತ್ತೇನು ಬರೆಯಬೇಕು, ಹೇಳು. ಚೇಳಿನ ಹುಡುಗಿ ನಿನ್ನ ಹತ್ತಿರ ಬಂದಳಾ? ನಾಲ್ಕು ತಿಂಗಳಾಯಿತು. ಬದುಕಿದ್ದಾಳಾ?

ಲಕ್ಷ್ಮಿ

* * *

ಗೌರಿಬಿದನೂರು
16 ಆಗಸ್ಟ್ 1987

ಲಕ್ಷ್ಮಿ,

ಬಂದಿಲ್ಲ. ಇಲ್ಲೂ ಯಾರೂ ಬರುತ್ತಿಲ್ಲ. ನಿನ್ನ ಕಾಗದ ಬಂದ ದಿನದಿಂದ ನನಗೆ ನಿದ್ದೆಯಿಲ್ಲ, ಯಾಕೆಂದರೆ ಮೊದಲು ಬರೆದವಳು ನಾನು. ನಿನಗೆ ಧೈರ್ಯವಿದೆಯಾ ಅಂತ ಬೇರೆ ಕೇಳಿದ್ದೆ.

ಮಾರ್ಚ್‌ನಲ್ಲಿ ಅವನನ್ನು ಹಿಡಿದಾಗ ಠಾಣೆಯಲ್ಲಿ ನಿಜವಾದ ವಿಳಾಸ ಬರೆಸಿಕೊಂಡಿದ್ದರು. ಪೇದೆಯನ್ನು ಕಾಡಿ ಬೇಡಿ ಅದನ್ನು ತೆಗೆದುಕೊಂಡೆ. ರಜೆ ಹಾಕಿ ಮೊನ್ನೆ ಹೋಗಿಬಂದೆ. ಶಿಡ್ಲಘಟ್ಟದಿಂದ ಒಂದು ಮೈಲಿ. ಊರಿನ ತುಂಬ ಬೆಂದ ರೇಷ್ಮೆ ಹುಳುವಿನ ವಾಸನೆ. ಅವನ ಹೆಸರು ವೆಂಕಟರವಣಪ್ಪ, ಮನೆಯ ಹಿಂದೆಯೇ ನೂಲು ತೆಗೆಯುವ ಶೆಡ್ಡು. ಅವನು ಗೂಡು ಕೊಳ್ಳಲು ಮಾರ್ಕೆಟ್ಟಿಗೆ ಹೋದದ್ದನ್ನು ನೋಡಿಕೊಂಡು, ಸೀರೆಗೆ ನೂಲು ಬೇಕು ಅಂತ ಒಳಗೆ ಹೋದೆ.

ಬದುಕಿದ್ದಾಳೆ. ಬಾಣಲೆ ಮುಂದೆ ಕೂತಿದ್ದಳು. ಎಡಗೈ ಮೊಣಕೈಯಿಂದ ಕೆಳಗೆ ಸೊಟ್ಟಗಾಗಿದೆ. ಮುರಿದಿದ್ದ ಮೂಳೆ ಕಟ್ಟಿಲ್ಲದೆ ತಾನೇ ಕೂಡಿಕೊಂಡಿದೆ. ಆ ಕೈಯಲ್ಲೇ ಕುದಿಯುವ ನೀರಿನಿಂದ ಎಳೆ ಎತ್ತುತ್ತಾಳೆ. ಆ ಮುರಿತ ಯಾವ ರಿಜಿಸ್ಟರಿನಲ್ಲೂ ಇಲ್ಲ ಲಕ್ಷ್ಮಿ. ನಾನು ನಿಜ ಬರೆದದ್ದರಿಂದಲೇ ಇಲ್ಲ.

ಅತ್ತೆ ಜಗುಲಿಯ ಮೇಲೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿದ ತಕ್ಷಣ ಈ ಹುಡುಗಿ ಬೇಡ ಅಂತ ತಲೆ ಅಲ್ಲಾಡಿಸಿದಳು. ನೂಲಿನ ಲಡಿ ಮುಟ್ಟಿ ನೋಡುವ ನೆಪದಲ್ಲಿ ಬಗ್ಗಿ ಹೆಸರು ಕೇಳಿದೆ. ಅಮ್ಮಾಜಮ್ಮ. ಚಿಕ್ಕವೆಂಕಟಮ್ಮನೂ ಅಲ್ಲ, ಮುನಿಗಂಗಮ್ಮನೂ ಅಲ್ಲ. "ನನ್ ಹೆಸರು ಬರೀಬೇಡಿ ಅಕ್ಕಾ, ಕಾಲ್ ಹಿಡ್ಕೊಂತೀನಿ" ಅಂದಳು. ನನಗೆ ಒಂದೇ ಮಾತು ಹೇಳಲು ಆಯಿತು. "ಯಾವ ಊರ ಆಸ್ಪತ್ರೇಲೇ ಆಗ್ಲಿ, ಎಡಗಡೆ ಗಂಟು ಹಾಕೋರು ನಮ್ಮೋರು, ಅವ್ರನ್ನ ನಂಬು" ಅಂದೆ. ಅಷ್ಟರಲ್ಲಿ ಮುದುಕಿ ಎದ್ದು ಬಂದಳು.

ಬಸ್ಸಿನಲ್ಲಿ ಕೂತು ಯೋಚಿಸಿದ್ದನ್ನು ಬರೆಯುತ್ತೇನೆ. ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ. ನೀನು 'ಜಾರಿ ಬಿದ್ದದ್ದು' ಅಂತಲೇ ಬರಿ. ಏನು ಹೇಳುತ್ತಾರೋ ಅದನ್ನೇ ಬರಿ, ನಗುನಗುತ್ತಾ ಬರಿ. ಮೊದಲು ಅವರು ಬರಲಿ. ಬಂದರೆ ಹೊಲಿಗೆ ಹಾಕಬಹುದು, ಮೂಳೆ ಕೂರಿಸಬಹುದು, ಕಿವಿಯಲ್ಲಿ ಒಂದು ಮಾತು ಹೇಳಬಹುದು. ನಿಜವಾದ ಪಟ್ಟಿ ನಮ್ಮ ಕಾಗದದಲ್ಲಿರಲಿ. ಹೊಡೆತ ತಿಂದವಳಿಗೆ ಹೊಲಿಗೆ ಹಾಕುವಾಗ ಗಂಟನ್ನು ಎಡಕ್ಕೆ ಹಾಕು. ಆಗ ಅವಳು ಮುಂದೆ ಯಾವ ಆಸ್ಪತ್ರೆಗೆ ಹೋದರೂ, ನಲ್ಲಪ್ಪ ಆಗಲಿ ನಾನಾಗಲಿ ಕಟ್ಟು ಬಿಚ್ಚಿದ ತಕ್ಷಣ ತಿಳಿದುಕೊಳ್ಳುತ್ತೇವೆ. ನಲ್ಲಪ್ಪನಿಗೂ ಹೇಳಿದ್ದೇನೆ.

ಕೊಂಡಿ

* * *

ಚಿಂತಾಮಣಿ
24 ಆಗಸ್ಟ್ 1987

ಕೊಂಡಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಏನು ಕೇಳುತ್ತಿದ್ದೀಯ ಅಂತ ನಿನಗೆ ಗೊತ್ತಾ? ಆ ಎರಡು ಪದಕ್ಕಾಗಿ ಆರು ವರ್ಷ ನನ್ನ ಮುಖ ನೋಡಲಿಲ್ಲ ನೀನು. ನೀನು ಮಾಡಿದ್ದು ಸರಿ ಅಂತ ನಾನೂ ಒಪ್ಪಿಕೊಂಡಿದ್ದೆ. ಈಗ ಅದನ್ನೇ ಬರಿ ಅಂತೀಯ, ಅದೂ ನಗುನಗುತ್ತಾ. ನನ್ನ ಕೈಲಾಗಲ್ಲ ಅಂತ ಬರೆಯಲು ಕೂತೆ. ಬರೆಯುವಾಗ ಆ ಕಾಫಿಪುಡಿಯ ಕಾಲು ನೆನಪಾಯಿತು.

ಆಗಲಿ.

ಸೊಪ್ಪಿನ ಮುನಿಗಂಗಮ್ಮನ ಹತ್ತಿರ ಹೋಗಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿಬಂದೆ: "ನಮಗ್ಯಾಕೆ ಬೇಕಮ್ಮ ಪೊಲೀಸು ಗಿಲೀಸು? ನೀವ್ ಏನ್ ಹೇಳ್ತೀರೋ ಅದನ್ನೇ ಬರ್ಕೊಳ್ಳೋದು." ಅವಳು ನನ್ನನ್ನೇ ನೋಡಿದಳು. ಅರ್ಥವಾಯಿತೋ ಇಲ್ಲವೋ, ಎರಡು ಕಟ್ಟು ದಂಟು ಹೆಚ್ಚಿಗೆ ಹಾಕಿದಳು.

ಎಡಗೈ ಗಂಟನ್ನು ದಿಂಬಿನ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ಜಾರುತ್ತದೆ. ಆ ದಿಂಬನ್ನು ಈಗ ನೋಡಿದರೆ ಯಾವುದೋ ಯುದ್ಧದಿಂದ ಬಂದ ಹಾಗಿದೆ. ನಿನ್ನ ಬೆರಳಿಗೆ ಸ್ಕೇಲಿನಲ್ಲಿ ಬಾರಿಸಿದ್ದು ಅನ್ಯಾಯ ಅಂತ ಅವತ್ತು ನಾನು ಹೇಳಬೇಕಿತ್ತು. ಆಗಲೂ ಸುಮ್ಮನಿದ್ದೆ ನೋಡು.

ಲಕ್ಷ್ಮಿ

* * *

ಗೌರಿಬಿದನೂರು
20 ಸೆಪ್ಟೆಂಬರ್ 1987

ಪ್ರೀತಿಯ ಲಕ್ಷ್ಮಿ,

ನಿನ್ನೆ ಒಬ್ಬಳು ಬಂದಳು. ಐದು ತಿಂಗಳ ಬಸುರಿ, ದವಡೆ ಊದಿತ್ತು. 'ಕಲ್ಲು ಎಡವಿದಳು' ಅಂದ ಗಂಡ. ನಾನು ಪೆನ್ನು ಹಿಡಿದು ಸುಮಾರು ಹೊತ್ತು ಕೂತೆ. ಅವನು "ಬರ್ಕೊಂಡ್ರಾ ಸಿಸ್ಟರ್?" ಅಂತ ಎರಡು ಸಲ ಕೇಳಿದ. ಬರೆದೆ. ನನ್ನ ಜನ್ಮದಲ್ಲಿ ಮೊದಲ ಸಲ, ಪ್ರಶ್ನೆ ಚಿಹ್ನೆಯಿಲ್ಲದೆ ಬರೆದೆ. ಬರೆದ ಮೇಲೆ ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ.

81ರಲ್ಲಿ ನೀನೂ ಹೀಗೇ ನಿಂತಿದ್ದಿರಬೇಕು. ನಾನು ಒಂದು ಸಲವೂ ಅದನ್ನು ಯೋಚಿಸಿರಲಿಲ್ಲ.

ನಮ್ಮಪ್ಪನಿಗೆ ಎಲ್ಲ ಹೇಳಿದ್ದೇನೆ. ಅಕ್ಕಯಮ್ಮನ ಕೋಣೆಯ ಬೀಗ ತೆಗೆಸಿದ್ದಾರೆ. ಆರು ವರ್ಷದಿಂದ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. "ಯಾರಾದ್ರೂ ಹೆಣ್ಮಗಳಿಗೆ ಬೇಕಾದ್ರೆ ಕರ್ಕೊಂಡ್ ಬಾ. ಈ ಸಲ ಬಾಗಿಲು ತೆಕ್ಕೊಂಡೇ ಇರ್ತೈತೆ" ಅಂದರು.

ನಿನ್ನ ಕೊಂಡಿ

* * *

ಚಿಂತಾಮಣಿ
12 ಅಕ್ಟೋಬರ್ 1987

ಕೊಂಡಿ,

ಬಂದಳು ಕಣೇ! ಇವತ್ತು ಬೆಳಿಗ್ಗೆ ಹತ್ತೂವರೆಗೆ ಅಮ್ಮಾಜಮ್ಮ ಬಂದಳು. ಬಾಗಿಲಲ್ಲಿ ಕಂಡ ತಕ್ಷಣ ನನಗೆ ಸಂತೋಷವಾಯಿತು. ರಕ್ತ ಸುರಿಸಿಕೊಂಡು ಬಂದವಳನ್ನು ನೋಡಿ ಸಂತೋಷಪಟ್ಟೆ ಅಂತ ಯಾರ ಹತ್ತಿರವೂ ಹೇಳುವ ಹಾಗಿಲ್ಲ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಬಲ ಮುಂಗೈ, ಚೇಳಿನ ಪಕ್ಕದಲ್ಲೇ, ಕುಡುಗೋಲಿನ ಗಾಯ. ವೆಂಕಟರವಣಪ್ಪ 'ಹುಲ್ಲು ಕೊಯ್ಯುವಾಗ ಜಾರಿ ಬಿದ್ದಳು' ಅಂದ. ನಾನು ನಗುನಗುತ್ತಾ ಬರೆದುಕೊಂಡೆ. "ಈ ಹೆಂಗಸ್ರೇ ಹಿಂಗೆ, ನೋಡ್ಕೊಂಡ್ ನಡಿಯಲ್ಲ" ಅಂತ ಒಂದು ಮಾತು ಬೇರೆ ಸೇರಿಸಿದೆ. ಅವನು ಹಲ್ಲು ಬಿಟ್ಟ. ಆಮೇಲೆ ಅವನೇ ಆರಾಮಾಗಿ ಬೀಡಿ ಸೇದಲು ಆಚೆಗೆ ಹೋದ. ಪರದೆಯ ಕೆಳಗೆ ಈ ಸಲ ಚಪ್ಪಲಿ ಇರಲಿಲ್ಲ.

ಸೂಜಿಯನ್ನು ಎಡಗೈಗೆ ತೆಗೆದುಕೊಂಡೆ. ಮೊದಲನೇ ಗಂಟು ಹಾಕಿದಾಗ ಅವಳು ಗೋಡೆ ನೋಡುತ್ತಿದ್ದಳು. ಎರಡನೆಯದಕ್ಕೆ ಕೈ ನೋಡಿಕೊಂಡಳು. ಮೂರನೆಯದಕ್ಕೆ ನನ್ನ ಮುಖ ನೋಡಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಐದು ಗಂಟು ಮುಗಿದ ಮೇಲೆ "ಆಯಕ್ಕ ಚೆನ್ನಾಗವ್ರಾ?" ಅಂದಳು. ಚೆನ್ನಾಗಿದ್ದಾಳೆ, ನಿನಗೆ, ನಿನ್ನ ಮಗುವಿಗೆ ಒಂದು ಕೋಣೆ ಇಟ್ಟಿದ್ದಾಳೆ ಅಂದೆ. ಮಗು ಅನ್ನುತ್ತಲೂ ಮುಖ ತಿರುಗಿಸಿದಳು.

ಹೊರಡುವಾಗ ಅವನಿಗೆ ಹೇಳಿದೆ: "ಏಳನೇ ದಿನ ಹೊಲಿಗೆ ಬಿಚ್ಚಕ್ಕೆ ಇಲ್ಲಿಗೇ ಬನ್ನಿ. ಬೇರೆ ಕಡೆ ಹೋದ್ರೆ ಹೆಂಗಾಯ್ತು, ಯಾಕಾಯ್ತು ಅಂತ ಮತ್ತೆ ಎಲ್ಲ ಕೇಳ್ತಾರೆ. ಇಲ್ಲಾದ್ರೆ ಬರ್ಕೊಂಡಾಗಿದೆ." ಹೌದು ಹೌದು ಅಂದ. ನನ್ನನ್ನು ನಂಬಿದ್ದಾನೆ. ಅವಳನ್ನು ಬಸ್ಸು ಹತ್ತಿಸಿಕೊಂಡು ಹೋದ.

ಏಳು ದಿನ ಹೇಗೆ ಕಳೆಯಲಿ?

ಲಕ್ಷ್ಮಿ

* * *

ಚಿಂತಾಮಣಿ
19 ಅಕ್ಟೋಬರ್ 1987
ಸಾಯಂಕಾಲ ಐದು ಗಂಟೆ

ಕೊಂಡಿ,

ಇದನ್ನು ಅಂಚೆಗೆ ಹಾಕದೆ ಗೌರಿಬಿದನೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಆಸ್ಪತ್ರೆಯ ಗೇಟಿನಲ್ಲಿ ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾನೆ.

ಅವಳು ಬಂದಿದ್ದಾಳೆ. ಮಗುವನ್ನು ಎತ್ತಿಕೊಂಡು ಬಂದಿದ್ದಾಳೆ.

ನೆನ್ನೆಯಿಂದ ಮಗುವಿಗೆ ಜ್ವರ ಅಂತ ಮನೆಯಲ್ಲಿ ತಾನೇ ಹಬ್ಬಿಸಿದಳಂತೆ. ನೂಲು ತೆಗೆಯುವ ಬಿಸಿನೀರಲ್ಲಿ ಬಟ್ಟೆ ಅದ್ದಿ, ಯಾರೂ ಇಲ್ಲದಾಗ ಅದರ ಹಣೆಗೆ ಒತ್ತಿ, ಅತ್ತೆಯನ್ನು ಕರೆದು ಮುಟ್ಟಿಸಿದ್ದಾಳೆ. ಮುದುಕಿ ಹೆದರಿಕೊಂಡು, ಹೆಂಗಿದ್ರೂ ಹೊಲಿಗೆ ಬಿಚ್ಚಕ್ಕೆ ಹೋಗ್ತೀಯಲ್ಲ, ಇದನ್ನೂ ತೋರಿಸ್ಕೊಂಡ್ ಬಾ ಅಂದಳಂತೆ. ಅವಳು ನನ್ನ ಟೇಬಲ್ ಮೇಲೆ ಮಗುವನ್ನು ಕೂರಿಸಿ, ಗಂಡನ ಎದುರಿಗೇ, ಗಟ್ಟಿಯಾಗಿ "ಜ್ವರ ಐತಕ್ಕಾ, ಬಾಳ ಜ್ವರ" ಅಂದಳು. ನನ್ನ ಕಣ್ಣನ್ನೇ ನೋಡುತ್ತಾ ಅಂದಳು.

ನಾನು ಹಣೆ ಮುಟ್ಟಿದೆ. ತಣ್ಣಗಿತ್ತು. ಥರ್ಮಾಮೀಟರನ್ನು ಒಳಗೆ ತೆಗೆದುಕೊಂಡು ಹೋಗಿ ನನ್ನ ಟೀ ಲೋಟದಲ್ಲಿ ಅದ್ದಿ ತಂದು ಅವನಿಗೆ ತೋರಿಸಿದೆ. ರಿಜಿಸ್ಟರಿನಲ್ಲಿ 'ಜ್ವರ, 103' ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಎರಡು ದಿನ ವಾರ್ಡಿನಲ್ಲಿರಬೇಕು, ತಾಯಿ ಜೊತೆಗಿರಬೇಕು ಅಂದೆ. ಅವನು ಬೈದ, ಕೂಗಾಡಿದ. ಕೊಂಡು ತಂದ ಗೂಡು ಮನೆಯಲ್ಲಿ ರಾಶಿ ಬಿದ್ದಿದೆಯಂತೆ, ತಡವಾದರೆ ಚಿಟ್ಟೆ ಗೂಡು ಕೊರೆದು ಆಚೆಗೆ ಬಂದುಬಿಡುತ್ತದಂತೆ, ತಾನು ಕೂತಿರಲು ಆಗುವುದಿಲ್ಲವಂತೆ. ಮೂರೂವರೆ ಬಸ್ಸಿಗೆ ಹೋದ. ನಾಳಿದ್ದು ಬೆಳಿಗ್ಗೆ ವಾಪಸ್ ಬರುತ್ತಾನೆ.

ಡಾಕ್ಟರು ರೌಂಡ್ಸಿಗೆ ಬಂದರು. ಮಗುವಿನ ಹಣೆ ಮುಟ್ಟಿದರು, ಚೀಟಿ ನೋಡಿದರು, ತಾಯಿಯ ಸೊಟ್ಟ ಕೈ ನೋಡಿದರು. ಆಮೇಲೆ ನನ್ನನ್ನು ನೋಡಿದರು. 'ಜ್ವರ ಮುಂದುವರಿದಿದೆ' ಅಂತ ಬರೆದು, ಸಹಿ ಹಾಕಿ ಹೋದರು.

ಹೊಲಿಗೆ ಬಿಚ್ಚಿದೆ. ನಾಲ್ಕು ಗಂಟು ಸರಿಯಾಗಿ ಕೂತಿದ್ದವು. ಐದನೆಯದು ಸಡಿಲವಾಗಿತ್ತು, ನೀನು ನೋಡಿದ್ದರೆ ಬೈಯುತ್ತಿದ್ದೆ. ಗಾಯ ಕೂಡಿದೆ. ಅಮ್ಮಾಜಮ್ಮ ಈಗ ಮಂಚದ ಮೇಲೆ ಕೂತು, ಮಗುವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಾಳೆ. ಊಟಕ್ಕೂ ಕೆಳಗಿಳಿಸಲಿಲ್ಲ. "ಮಗು ನನ್ ಕೈಲೈತೆ ಅಕ್ಕಾ. ಇನ್ ನಾನ್ ಹೋಗಲ್ಲ" ಅಂತ ನಾನು ಹತ್ತಿರ ಹೋದಾಗೆಲ್ಲ ಹೇಳುತ್ತಾಳೆ.

ನನಗೆ ಬಹಳ ಭಯವಾಗುತ್ತಿದೆ ಕೊಂಡಿ. ಎರಡು ದಿನವೂ ಪೂರ್ತಿ ಇಲ್ಲ. ಈ ಕಾಗದಕ್ಕೆ ಉತ್ತರ ಬರೆಯಬೇಡ. ನಾಳೆ ಬೆಳಗಿನ ಮೊದಲ ಬಸ್ಸಿಗೆ ನೀನೇ ಬಾ, ನಿಮ್ಮಪ್ಪನನ್ನೂ ಕರೆದುಕೊಂಡು ಬಾ. ಬರುವಾಗ ನಾಲ್ಕು ವರ್ಷದ ಮಗುವಿಗೆ ಆಗುವಂಥ ಒಂದು ಲಂಗ ತಾ. ಉಟ್ಟ ಬಟ್ಟೆಯಲ್ಲೇ ಬಂದಿದೆ.

ಲಕ್ಷ್ಮಿ